ಎರಡು ಪೆಟ್ಟಿಗೆಯ ಕಾಗದ

ನಾನು ಬೆಳೆದ ಹಂಪಾಪುರದ ಮನೆಯಲ್ಲಿ ಬಣ್ಣದ ಕಾಗದಕ್ಕೆ ಎರಡು ಪೆಟ್ಟಿಗೆಗಳಿದ್ದವು. ಒಂದು ನಡುಮನೆಯ ಗೋಡೆಗೆ ಒತ್ತಿ ಇಟ್ಟಿದ್ದ ಹಸಿರು ಟ್ರಂಕು. ಅದರಲ್ಲಿ ಮದುವೆಯ ಕಾಗದ. ಇನ್ನೊಂದು ಹಿತ್ತಲ ಸೂರಿನಡಿ ಇದ್ದ ಮರದ ಪೆಟ್ಟಿಗೆ. ಅದರಲ್ಲಿ ಸಾವಿನ ಕಾಗದ. ಹಾಗೆ ನೋಡಿದರೆ ಎರಡರಲ್ಲಿದ್ದದ್ದೂ ಒಂದೇ ಕಾಗದ. ಅಪ್ಪ ಮೈಸೂರಿನ ಒಂದೇ ಅಂಗಡಿಯಿಂದ ಒಂದೇ ಕಟ್ಟಿನಲ್ಲಿ ಎಲ್ಲವನ್ನೂ ತರುತ್ತಿದ್ದ. ಬಸ್ಸಿಳಿದು ಮನೆಗೆ ಬಂದ ಮೇಲೆ ಅಜ್ಜಿ ಜಗುಲಿಯ ಮೇಲೆ ಕಾಲು ಚಾಚಿ ಕೂತು, ಕಟ್ಟು ಬಿಚ್ಚಿ, ಗುಲಾಬಿ, ಹಳದಿ, ನೇರಳೆ, ಹಸಿರು ಒಂದೊಂದರಲ್ಲೂ ಪಾಲು ಮಾಡುತ್ತಿದ್ದಳು. ಒಮ್ಮೆ ಹಿತ್ತಲಿಗೆ ಹೋದ ಹಾಳೆ ಮತ್ತೆ ನಡುಮನೆಗೆ ಬರುವಂತಿರಲಿಲ್ಲ. ನಡುಮನೆಯದು ಹಿತ್ತಲಿಗೂ ಹೋಗುವಂತಿರಲಿಲ್ಲ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ಒಲೆಯ ಬೆಂಕಿ ಮುಟ್ಟಬಾರದು ಎಂಬುದು ಹೇಗೆ ಗೊತ್ತಿತ್ತೋ ಹಾಗೆ ಇದೂ ಗೊತ್ತಿತ್ತು.

ಅಪ್ಪನದು ಕಾಗದದ ಹೂವಿನ ಕೆಲಸ. ಹೊಲವೂ ಸ್ವಲ್ಪ ಇತ್ತು, ರಾಗಿಗೂ ಅವರೆಗೂ ಸಾಲುವಷ್ಟು. ಉಳಿದದ್ದೆಲ್ಲ ಕತ್ತರಿಯಿಂದ ಬಂದದ್ದು. ಮದುವೆ ಇದ್ದವರಿಗೆ ಬಾಸಿಂಗ, ಚಪ್ಪರದ ತೋರಣ, ಹಸೆಮಣೆಯ ಹಿಂದೆ ಇಳಿಬಿಡುವ ಹೂವಿನ ಪರದೆ. ಸಾವಾದವರ ಮನೆಗೆ ವಿಮಾನ. ನಮ್ಮವರಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ, ವಿಭೂತಿ ಹಚ್ಚಿ ಕೂರಿಸಿ ಒಯ್ಯುತ್ತಾರೆ. ಅದಕ್ಕೆ ಬಿದಿರು ದಬ್ಬೆಯಲ್ಲಿ ಸಣ್ಣ ಮಂಟಪದಂಥದ್ದು ಕಟ್ಟಿ, ಬಾಳೆಕಂದು ನಿಲ್ಲಿಸಿ, ಸುತ್ತಲೂ ಕಾಗದದ ಹೂವು ಅಂಟಿಸಬೇಕು. ಅದೇ ವಿಮಾನ. ಹಿತ್ತಲ ಸೂರಿನಡಿ ಅಪ್ಪ ಚೌಕಟ್ಟು ಕಟ್ಟಿದರೆ ಅಜ್ಜಿ ಹೂವು ಮಾಡುತ್ತಿದ್ದಳು, ಮುಷ್ಟಿ ಗಾತ್ರದ ಹೂವು, ದೂರದಿಂದ ಕಾಣುವಂಥದ್ದು. ಬಂದವರು ಯಾವ ಕೆಲಸಕ್ಕೆ ಬಂದಿದ್ದಾರೆಂದು ನಾನು ಅವರು ಬಾಯಿ ಬಿಡುವ ಮೊದಲೇ ಹೇಳಬಲ್ಲವಳಾಗಿದ್ದೆ. ಮದುವೆಯವರು ಜಗುಲಿ ಹತ್ತಿ ಕೂತು ನೀರು ಕೇಳುತ್ತಿದ್ದರು. ಸಾವಿನವರು ಬೀದಿಯಲ್ಲೇ ನಿಂತು ಅಪ್ಪನ ಹೆಸರು ಕೂಗುತ್ತಿದ್ದರು.

ಅವ್ವ ಹುಣಸೂರು ಪೇಟೆಯವಳು. ಹತ್ತನೇ ತರಗತಿ ಮುಗಿಸಿ, ಹೊಲಿಗೆ ಕಲಿಯಲು ಹೋದ ಕಡೆ ಕಾಗದದ ಹೂವನ್ನೂ ಕಲಿತಿದ್ದಳು. ಹೂವಿನ ಕೆಲಸದವರ ಮನೆ, ಹುಡುಗಿಯ ಕೈಗೆ ಸರಿಯಾಗುತ್ತದೆ ಎಂದು ಮದುವೆ ಮಾಡಿಕೊಟ್ಟರಂತೆ. ವಿಮಾನದ ಮಾತನ್ನು ಯಾರೂ ಎತ್ತಿರಲಿಲ್ಲ. ಮದುವೆಯಾಗಿ ಬಂದ ವಾರದಲ್ಲೇ ಬೀದಿಯಲ್ಲಿ ಯಾರೋ ನಿಂತು ಕೂಗಿದಾಗ ಅವಳಿಗೆ ತಿಳಿಯಿತು. ಅವಳು ತವರಿಗೆ ಓಡಲಿಲ್ಲ, ಅಳಲೂ ಇಲ್ಲವಂತೆ. ಅಪ್ಪನಿಗೆ ಒಂದು ಮಾತು ಹೇಳಿದಳಷ್ಟೆ: ಮದುವೆಯ ಕೆಲಸ ಎಷ್ಟಿದ್ದರೂ ಮಾಡುತ್ತೇನೆ, ಹಿತ್ತಲ ಸೂರಿನಡಿ ಮಾತ್ರ ನನ್ನನ್ನು ಕರೆಯಬೇಡಿ. ಬಟ್ಟೆ ಒಗೆಯಲು, ನೀರು ಸೇದಲು ಹಿತ್ತಲಿಗೆ ಹೋಗುತ್ತಿದ್ದಳು. ಆದರೆ ಸೂರಿನ ನೆರಳು ಬೀಳುವ ಜಾಗವನ್ನು ಸುತ್ತಿಕೊಂಡು ಹೋಗುತ್ತಿದ್ದಳು. ಅಜ್ಜಿ ಅದನ್ನು ನೋಡುತ್ತಿದ್ದಳು. ನೋಡಿ ಸುಮ್ಮನಿರುತ್ತಿದ್ದಳು. ಆದರೆ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದ ದಿನ, ಹಸು ಹಾಲು ಕೊಡದ ದಿನ, ಮಾತು ಹೇಗೋ ಸುತ್ತಿ ಬಳಸಿ ಆ ಪೆಟ್ಟಿಗೆಗಳ ಹತ್ತಿರ ಬಂದು ನಿಲ್ಲುತ್ತಿತ್ತು. ಒಂದು ಸಲ ನೆನೆಸಿದ ಅವರೆಕಾಳನ್ನು ಮೊರದಲ್ಲಿ ಹಾಕಿಕೊಂಡು ಇಬ್ಬರೂ ಹಿದುಕುತ್ತಾ ಕೂತಿದ್ದರು. ಅವ್ವ ತಲೆಯೆತ್ತದೆ ಕೇಳಿದಳು.

“ನಮ್ಮೋರ್ಗೆ ಸೂತಕ ಇಲ್ಲ ಅಂತ ನೀವೇ ಹೇಳ್ತೀರಿ, ಅತ್ತೆ. ಇಲ್ಲ ಅಂದ್ಮೇಲೆ ಕಾಗದಕ್ಕೆ ಯಾಕೆ ಎರಡು ಪೆಟ್ಟಿಗೆ?”

“ಸೂತಕ ಇಲ್ಲ ಕಣವ್ವ. ಜನದ ಬಾಯಿ ಸುಮ್ನಿರಾಕಿಲ್ಲ.”

“ಜನ ಬಂದು ಪೆಟ್ಟಿಗೆ ತೆಗ್ದು ನೋಡ್ತಾರಾ?”

“ನೋಡಾಕಿಲ್ಲ. ಕೇಳ್ತಾರೆ. ಕೇಳ್ದಾಗ ನನ್ ಬಾಯಲ್ಲಿ ಸುಳ್ಳು ಬರಬಾರ್ದು, ಅಷ್ಟೇಯ.”

ಅವ್ವ ಇನ್ನೊಂದು ಹಿಡಿ ಕಾಳು ತೆಗೆದು ಹಿದುಕತೊಡಗಿದಳು. ಅಂದಿನ ಸಾರು ಚೆನ್ನಾಗಿತ್ತೆಂದು ನೆನಪು.

ನಾನು ಆರನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಗ್ರೀಟಿಂಗ್ ಕಾರ್ಡಿನ ಹುಚ್ಚು ಹತ್ತಿಕೊಂಡಿತ್ತು. ಡಿಸೆಂಬರ್ ಬಂತೆಂದರೆ ಹುಡುಗಿಯರು ಹತ್ತಿರದ ಪೇಟೆ ಹ್ಯಾಂಡ್‌ಪೋಸ್ಟಿನ ಅಂಗಡಿಗಳಿಂದ ಕಾರ್ಡು ತರಿಸಿ, ಒಬ್ಬರಿಗೊಬ್ಬರು ಕೊಟ್ಟು, ಯಾರಿಗೆ ಹೆಚ್ಚು ಬಂತೆಂದು ನೋಡಿಕೊಳ್ಳುತ್ತಿದ್ದರು. ಗುಲಾಬಿ ಹಿಡಿದ ಕೈ, ಮುಳುಗುವ ಸೂರ್ಯ, ಬೆಕ್ಕಿನ ಮರಿ, ಇಂಥವು. ನಾನೂ ಕೇಳಿದೆ. ಅವ್ವ ಕೊಳ್ಳಲು ಒಪ್ಪಲಿಲ್ಲ. ಬಾಸಿಂಗಕ್ಕೆ ಕತ್ತರಿಸಿ ಉಳಿದ ಚೂರುಗಳನ್ನು ಮಡಿಲಲ್ಲಿ ಹಾಕಿಕೊಂಡು ಬಂದು ನಡುಮನೆಯ ಗವಾಕ್ಷಿಯ ಕೆಳಗೆ ಕೂತಳು. ಹೆಬ್ಬೆರಳ ಉಗುರಿನಷ್ಟು ಎಸಳು ಕತ್ತರಿಸಿ, ಪೊರಕೆಯ ಹಿಡಿಕಡ್ಡಿಗೆ ಸುತ್ತಿ ಎಳೆದಳು. ಎಸಳು ತಾನಾಗಿ ಬಾಗಿ ನಿಂತಿತು. ಒಂದರೊಳಗೊಂದು ಕೂರಿಸಿ ಬುಡಕ್ಕೆ ದಾರ ಬಿಗಿದು, ಮೈದಾ ಅಂಟಿನಿಂದ ಡ್ರಾಯಿಂಗ್ ಹಾಳೆಗೆ ಅಂಟಿಸಿದಳು. ಆ ಅಂಟಿಗೆ ಹುಳ ಹಿಡಿಯದಿರಲೆಂದು ಮೈಲುತುತ್ತ ಹಾಕಿ ಕಾಯಿಸುತ್ತಿದ್ದರಿಂದ ಅದರ ಬಣ್ಣ ತೆಳು ನೀಲಿ. ಇನ್ನೇನು ಮುಗಿಯಿತು ಎನ್ನುವಾಗ ಅಡುಗೆಮನೆಗೆ ಹೋಗಿ ಅರಿಶಿನದ ನೀರಿನಲ್ಲಿ ನಾಲ್ಕು ರಾಗಿ ಕಾಳು ಅದ್ದಿ ತಂದು ಹೂವಿನ ನಡುವೆ ಕೂರಿಸಿದಳು. ಕೇಸರದ ಜಾಗದಲ್ಲಿ ರಾಗಿ. ಒಳಗೆ ತನ್ನ ದುಂಡು ಅಕ್ಷರದಲ್ಲಿ “ಹೊಸ ವರುಷ ಹರುಷ ತರಲಿ” ಎಂದು ಬರೆದಳು. ಅವಳು ತನ್ನಷ್ಟಕ್ಕೆ ತಾನು ನಗುತ್ತಿದ್ದದ್ದನ್ನು ನಾನು ನೋಡಿದ್ದು ಅಂಥ ಮಧ್ಯಾಹ್ನಗಳಲ್ಲಿ ಮಾತ್ರ.

ಆ ವರ್ಷ ತರಗತಿಯ ಹುಡುಗಿಯರಿಗೆಲ್ಲ ಅವ್ವನ ಕಾರ್ಡು ಬೇಕಾಯಿತು. ನನ್ನ ಬೆಂಚಿನ ಗೆಳತಿ ಶೈಲ ತನಗೆ ನೇರಳೆ ಬಣ್ಣದ್ದೇ ಆಗಬೇಕೆಂದು ಹಟ ಮಾಡಿ ಎರಡು ಮಾಡಿಸಿಕೊಂಡಳು. ಅವಳ ಅಪ್ಪ ನಂಜಪ್ಪ ಹ್ಯಾಂಡ್‌ಪೋಸ್ಟಿನಲ್ಲಿ ಪುಸ್ತಕದ ಅಂಗಡಿ ಇಟ್ಟಿದ್ದ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಮಗಳ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಮಾರನೆಯ ವರ್ಷ ಡಿಸೆಂಬರಿಗೆ ಮೊದಲೇ ಜಗುಲಿ ಹತ್ತಿ ಕೂತು, ಅಂಗಡಿಗೂ ಮಾಡಿಕೊಡಬೇಕೆಂದು ಕೇಳಿದ. ಅವ್ವ ದೀಪಾವಳಿಯಿಂದಲೇ ಶುರು ಮಾಡಿದಳು. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಎಸಳು. ಊಟಕ್ಕೆ ಕೂತರೆ ಮುದ್ದೆಗೊಂದು ಗುಲಾಬಿ ಎಸಳು ಅಂಟಿಕೊಂಡಿರುತ್ತಿತ್ತು. ಅಪ್ಪ ಅದನ್ನು ಬೆರಳಲ್ಲಿ ತೆಗೆದು ತಟ್ಟೆಯಂಚಿಗಿಟ್ಟು ಊಟ ಮುಂದುವರಿಸುತ್ತಿದ್ದ. ಅಜ್ಜಿ ಮಾತ್ರ ರಾಗಿಯನ್ನು ಹೂವಿಗೆ ಹಾಕುವುದು ಸರಿಯಲ್ಲವೆಂದು ಗೊಣಗುತ್ತಲೇ, ತಾನೇ ದಪ್ಪ ಕಾಳುಗಳನ್ನು ಆರಿಸಿ ಚಟಾಕಿನಲ್ಲಿ ತುಂಬಿಡುತ್ತಿದ್ದಳು.

ಕಾರ್ಡುಗಳು ಅಂಗಡಿ ಸೇರಿದ ಕೆಲವು ದಿನಕ್ಕೆ ನಂಜಪ್ಪನ ತಂದೆ ತೀರಿಕೊಂಡರು. ವಯಸ್ಸಾದವರು, ಊರಿಗೆ ಬೇಕಾದವರು. ಅಪ್ಪ ದೊಡ್ಡ ವಿಮಾನವನ್ನೇ ಕಟ್ಟಿದ. ಅಜ್ಜಿ ಹಿತ್ತಲ ಪೆಟ್ಟಿಗೆಯಲ್ಲಿದ್ದ ನೇರಳೆ ಕಾಗದವನ್ನೆಲ್ಲ ಅದಕ್ಕೆ ಸುರಿದಳು. ಶೈಲ ಬಾಗಿಲಲ್ಲಿ ನಿಂತು ತಾತನನ್ನೂ ಆ ಹೂವುಗಳನ್ನೂ ನೋಡಿದಳು. ಶಾಲೆಗೆ ಮತ್ತೆ ಬಂದ ದಿನ ಅವಳು ನನ್ನ ಪಕ್ಕದಲ್ಲಿ ಕೂರಲಿಲ್ಲ. ಊಟದ ಬಿಡುವಿನಲ್ಲಿ ಉಳಿದವರಿಗೆ ಹೇಳಿದಳು. ಕೂಗಿ ಹೇಳಲಿಲ್ಲ, ನನ್ನ ಮೇಲೆ ಸಿಟ್ಟಿದ್ದಂತೆಯೂ ಕಾಣಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದಳು.

“ಹೆಣದ ಹೂವು ಕಣ್ರೇ ಅದು. ನಮ್ ತಾತನ್ ಮೇಲೂ ಅದೇ ಇತ್ತು, ಅದೇ ಬಣ್ಣ.”

ಮಾರನೆಯ ದಿನ ನಾನು ತರಗತಿಗೆ ಹೋಗುವ ಹೊತ್ತಿಗೆ ನನ್ನ ಬೆಂಚಿನ ಮೇಲೆ ಕಾರ್ಡುಗಳಿದ್ದವು. ಹಿಂದಿನ ವರ್ಷದವು, ಆ ವರ್ಷ ಆಗಲೇ ಕೊಟ್ಟಿದ್ದವು, ಎಲ್ಲ. ಯಾರೂ ಹರಿದಿರಲಿಲ್ಲ, ಬಿಸಾಡಿರಲಿಲ್ಲ. ಅಂಚಿಗೆ ಅಂಚು ಸೇರಿಸಿ ಓರಣವಾಗಿ ಜೋಡಿಸಿದ್ದರು. ಒಬ್ಬಳು ಮಾತ್ರ ತಡವಾಗಿ ಬಂದು ಕೈಗೇ ಕೊಟ್ಟಳು. “ನಮ್ಮವ್ವ ಮನೇಲಿ ಇಟ್ಕಬ್ಯಾಡ ಅಂದ್ಲು ಕಣೇ,” ಎಂದಳು. ನಾನು ತೆಗೆದು ಚೀಲದಲ್ಲಿಟ್ಟುಕೊಂಡೆ. ನನಗೆ ಅಳು ಬಂದ ನೆನಪಿಲ್ಲ. ಲೆಕ್ಕದ ಪೀರಿಯಡ್ಡಿನಲ್ಲಿ ಮೇಷ್ಟ್ರು ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಹೇಳಿದೆ. ಮುಂದೆ ಕೆ.ಆರ್. ನಗರದಲ್ಲಿ ನಾನೇ ಮೇಡಮ್ಮಾಗಿ ಮಕ್ಕಳ ಮುಂದೆ ನಿಂತ ವರ್ಷಗಳಲ್ಲಿ, ಈ ಯಮ್ಮನ ಮುಖ ನೋಡಿದರೆ ಏನೂ ತಿಳಿಯುವುದಿಲ್ಲ ಎಂದು ಜೊತೆಯವರು ಅನ್ನುತ್ತಿದ್ದರು. ಆ ಮುಖ ನನಗೆ ಬಂದದ್ದು ಆ ಬೆಂಚಿನ ಮುಂದೆ ನಿಂತಾಗಲೇ ಇರಬೇಕು.

ಸಂಜೆ ನಂಜಪ್ಪ ಬಂದ. ಅಂಗಡಿಯಲ್ಲಿದ್ದ ಕಾರ್ಡುಗಳನ್ನು ಚಪ್ಪಲಿಯ ಡಬ್ಬವೊಂದರಲ್ಲಿ ತುಂಬಿಕೊಂಡು ಬಂದಿದ್ದ. ಜಗುಲಿ ಹತ್ತಲಿಲ್ಲ, ಬೀದಿಯಲ್ಲೇ ನಿಂತ.

“ಮಾದಪ್ಪೋರೇ, ತಪ್ಪು ತಿಳೀಬ್ಯಾಡಿ,” ಎಂದು ಅಪ್ಪನಿಗೆ ಹೇಳಿದ. “ತಾತನ ಮೇಲಿದ್ದ ಊವ ಅಂಗ್ಡೀಲಿ ಮಾರ್ತೀಯಲ್ಲಪ್ಪ ಅಂತ ನನ್ ಮಗಳು ಅಳ್ತವಳೆ. ನಾನೇನ್ ಏಳ್ಲಿ ಅವಳ್ಗೆ?”

ಅಜ್ಜಿ ಹೊಸಿಲು ದಾಟಿ ಬಂದಳು.

“ನಂಜಪ್ಪ, ನಿಮ್ಮಪ್ಪನ ಇಮಾನಕ್ಕೆ ಅಂಟ್ಸಿದ್ದು ಇತ್ತಲ ಪೆಟ್ಗೆ ಕಾಗ್ದ. ಇದು ನಡುಮನೇದು. ನನ್ ಕೈಯಾರೆ ಪಾಲು ಮಾಡಿದ್ದು. ಬೇಕಾರೆ ಒಳೀಕ್ ಬಂದು ನೋಡು.”

“ನೀವೇಳಿದ್ರೆ ನಂಬ್ತೀನಿ ಕಣವ್ವ. ಕೊಳ್ಳೋರ್ಗೆಲ್ಲ ಏಳ್ಕಂಡು ಕೂರಕಾಯ್ತದಾ?”

ಅಜ್ಜಿ ಇಷ್ಟು ವರ್ಷ ಕಾಯ್ದುಕೊಂಡು ಬಂದ ನಿಜ ಅಲ್ಲಿಗೆ ಮುಗಿಯಿತು. ನಂಜಪ್ಪ ಡಬ್ಬವನ್ನು ಜಗುಲಿಯ ಅಂಚಿಗಿಟ್ಟು ಹೋದ. ಒಳಗೆ ಅವ್ವ ಬಾಗಿಲ ಸಂದಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

“ಅವರಪ್ಪನ್ನ ಕೂರಿಸೋಕೆ ನಮ್ಮ ಹೂವು ಬೇಕಿತ್ತು. ಕಾರ್ಡಿಗೆ ಬೇಡ್ವಾ?” ಎಂದಳು.

“ಅವ್ರ್ ಮನೇಲಿ ಸಾವಾಗ್ಯದೆ ಕಣೆ, ಗೌರಿ. ಬುಡು,” ಎಂದ ಅಪ್ಪ.

ಅವ್ವ ಬಿಟ್ಟಳು. ಅಂದರೆ, ಕತ್ತರಿಯನ್ನೇ ಬಿಟ್ಟಳು. ನಾನು ಶಾಲೆಯಿಂದ ತಂದವನ್ನೂ ಸೇರಿಸಿ ಡಬ್ಬವನ್ನು ಅಟ್ಟದ ಮೇಲಿಟ್ಟಳು. ಸಂಕ್ರಾಂತಿ ಕಳೆದು ಮದುವೆಯ ಕೆಲಸಗಳು ಬಂದರೂ ಟ್ರಂಕಿನ ಹತ್ತಿರ ಹೋಗಲಿಲ್ಲ. ಅಪ್ಪನೂ ಅಜ್ಜಿಯೂ ಮದುವೆಯ ಹೂವನ್ನೂ ಮಾಡತೊಡಗಿದರು. ಅಜ್ಜಿಯ ಬೆರಳಿಗೆ ಮುಷ್ಟಿ ಗಾತ್ರದ ಹೂವೇ ಬರುತ್ತಿದ್ದರಿಂದ ಆ ವರ್ಷದ ಬಾಸಿಂಗಗಳು ನೋಡಲು ಭಾರವಾಗಿದ್ದವು. ಅವ್ವ ಅಡುಗೆ ಮಾಡಿದಳು, ಹಸು ಕರೆದಳು, ನನ್ನ ಜಡೆ ಹೆಣೆದಳು. ಜಗಳವೂ ಇಲ್ಲದ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ನನಗೆ ಆಗ ತಿಳಿಯಿತು. ಅಪ್ಪ ಊಟಕ್ಕೆ ಕೂತಾಗ ಒಂದೆರಡು ಸಲ ಅವಳನ್ನು ಮಾತಿಗೆಳೆಯಲು ನೋಡಿದ. ಅವಳು ಕೇಳಿದಷ್ಟಕ್ಕೆ ಉತ್ತರ ಕೊಟ್ಟು ಸಾರು ಬಡಿಸಿದಳು.

ಹೀಗಿರುವಾಗ ಒಂದು ಶನಿವಾರ ಪುಟ್ಟಮ್ಮಣ್ಣಿ ತೀರಿಕೊಂಡಳು. ಬಸ್ ಸ್ಟಾಪಿನಲ್ಲಿ ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು ಇಟ್ಟುಕೊಂಡು ಕೂರುತ್ತಿದ್ದ ಮುದುಕಿ. ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಊರವರೇ ಸೇರಿ ಎಲ್ಲ ಮಾಡಬೇಕಿತ್ತು. ಅಪ್ಪ ಅಂದು ಮೊದಲ ಬಸ್ಸಿಗೇ ಕಾಗದ ತರಲು ಮೈಸೂರಿಗೆ ಹೋಗಿಬಿಟ್ಟಿದ್ದ. ಪಕ್ಕದ ಮನೆಯ ಕೆಂಪಣ್ಣ ಬಂದು ಅಜ್ಜಿ ಹೇಳಿದ ಹಾಗೆ ದಬ್ಬೆ ಸೀಳಿ ಚೌಕಟ್ಟು ನಿಲ್ಲಿಸುತ್ತಿದ್ದ. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಬಂದು ನಾನು ಅಡುಗೆಮನೆಯಲ್ಲಿ ಉಣ್ಣುತ್ತಿದ್ದೆ. ಅವ್ವ ಎದುರಿಗೆ ಕೂತಿದ್ದಳು. ಹಿತ್ತಲ ಮಾತು ಕೇಳಿಸುತ್ತಿತ್ತು.

“ಪೆಟ್ಗೇಲಿ ಬಿಳೀದು ಬಿಟ್ರೆ ಏನೂ ಇಲ್ವಲ್ಲವ್ವ,” ಎಂದ ಕೆಂಪಣ್ಣ. “ನಡುಮನೆ ಟ್ರಂಕಿಂದ ಎಲ್ಡು ಆಳೆ ಈಸ್ಕಳಿ. ಯಾರ್ ಕಂಡಾರು?”

“ಅದು ಇನ್ನೊಬ್ಬರ ಮನೆ ಮದ್ವೆಗೆ ಅಂತ ತೆಗ್ದಿಟ್ಟಿರಾದು. ಬಿಳೀದೇ ಸಾಕು, ಕಟ್ಟು.”

ಅವ್ವ ಎದ್ದಳು. ಏಣಿ ಹಾಕಿ ಅಟ್ಟದಿಂದ ಆ ಡಬ್ಬವನ್ನು ಇಳಿಸಿದಳು. ಸೆರಗಿನಿಂದ ದೂಳು ಒರೆಸಿ, ಹಿತ್ತಲ ಬಾಗಿಲು ದಾಟಿ, ನೇರವಾಗಿ ಸೂರಿನಡಿ ಹೋಗಿ ನಿಂತಳು. ನಾನು ಎಂಜಲು ಕೈಯಲ್ಲೇ ಹಿಂದೆ ಹೋದೆ.

“ಅತ್ತೆ, ಇವು ಆಗ್ತವಾ ನೋಡಿ.”

ಅಜ್ಜಿ ಡಬ್ಬವನ್ನು ನೋಡಲಿಲ್ಲ, ಸೊಸೆಯ ಮುಖ ನೋಡಿದಳು. “ಬ್ಯಾಡ. ಅವು ನಿನ್ ಊವು.”

“ಹೆಣದ ಹೂವು ಅಂತ ಹೆಸರಂತೂ ಬಂತು. ಆಗ್ಲಿ ಬುಡಿ.”

“ಅಂಗಾರೆ ಒಳೀಕ್ ತಕ್ಕಂಡೋಗು,” ಎಂದಳು ಅಜ್ಜಿ. ದನಿ ಏರಿಸಲಿಲ್ಲ. “ಕ್ವಾಪ ಇಟ್ಕಂಡು ಮಾಡೋ ಕೆಲ್ಸ ಅಲ್ಲ ಕಣವ್ವ ಇದು. ನಿನ್ ಕ್ವಾಪ ನಂಜಪ್ಪನ ಮೇಲೆ. ಪುಟ್ಟಮ್ಮಣ್ಣಿ ಏನ್ ಮಾಡಿದ್ಲು ನಿಂಗೆ?”

ಕೆಂಪಣ್ಣ ದಬ್ಬೆ ಬಿಗಿಯುವುದನ್ನು ನಿಲ್ಲಿಸಿದ್ದ. ಅವ್ವ ಡಬ್ಬವನ್ನು ಕೆಳಗಿಟ್ಟು ಬೇರೆಯೇ ದನಿಯಲ್ಲಿ ಹೇಳಿದಳು.

“ನಾನು ಮದುವೆಯಾಗಿ ಇಲ್ಲಿ ಬಸ್ಸಿಳಿದಾಗ ಆ ಯಮ್ಮ ಎದ್ದು ಬಂದು ಒಂದು ಸೀಬೆಹಣ್ಣು ಕೈಗೆ ಕೊಟ್ಲು ಅತ್ತೆ. ಹಸ್ಕೊಂಡಿದ್ದೀಯ, ತಿನ್ನು ಮಗ ಅಂದ್ಲು. ನಾನು ಹಸಿದಿದ್ದೆ. ನಿಮ್ಮೋರ್ಯಾರಿಗೂ ಅದು ಗೊತ್ತಾಗಿರ್ಲಿಲ್ಲ.”

ಅಜ್ಜಿ ಪಕ್ಕಕ್ಕೆ ಸರಿದು ಚಾಪೆಯಲ್ಲಿ ಜಾಗ ಬಿಟ್ಟಳು. ಅವ್ವ ಕೂತಳು.

ಕಾರ್ಡಿನಿಂದ ಹಾಗೇ ಎಳೆದರೆ ಎಸಳು ಹರಿಯುತ್ತಿತ್ತು. ಅದಕ್ಕೇ ಅವ್ವ ಒದ್ದೆ ಬಟ್ಟೆಯನ್ನು ಕಾರ್ಡಿನ ಬೆನ್ನಿಗೆ ಒತ್ತಿ, ಅಂಟು ಮೆತ್ತಗಾದ ಮೇಲೆ ಚಾಕುವಿನ ತುದಿಯಿಂದ ಹೂವನ್ನು ಎಬ್ಬಿಸಿಕೊಟ್ಟಳು. ಅಜ್ಜಿ ಇಸಿದುಕೊಂಡು ವಿಮಾನದ ಕಮಾನಿಗೆ ಅಂಟಿಸಿದಳು. ನಾನು ಕೈ ತೊಳೆದು ಬಂದು ನೀರು ಬದಲಾಯಿಸಿಕೊಟ್ಟೆ. ಹೂವುಗಳು ಚಿಕ್ಕವಾದ್ದರಿಂದ ಒಂದೊಂದಾಗಿ ಕಾಣುತ್ತಿರಲಿಲ್ಲ. ಗೊಂಚಲು ಗೊಂಚಲಾಗಿ ಸೇರಿಸಬೇಕಾಯಿತು. ಮೊದಲು ಬಿಳಿ ಕಾಗದ ಸುತ್ತಿದ್ದ ಕಮಾನು, ನೋಡುತ್ತಿದ್ದಂತೆ ಬಳ್ಳಿ ಹಬ್ಬಿ ಮೈತುಂಬ ಬಿಟ್ಟ ಹಾಗಾಯಿತು. ಹೂವು ಕಳಚಿದ ಕಾರ್ಡುಗಳಲ್ಲಿ ದುಂಡನೆಯ ನೀಲಿ ಕಲೆಯೂ “ಹೊಸ ವರುಷ”ವೂ ಉಳಿದವು. ಅವನ್ನು ಅವ್ವ ಬಚ್ಚಲ ಒಲೆಗೆ ಹಾಕಿದಳು. ಕೆಂಪಣ್ಣ ದೂರ ನಿಂತು ನೋಡಿ, “ಇಂಥ ಇಮಾನ ನಾ ಕಂಡಿಲ್ಲ ಕಣವ್ವ,” ಎಂದ. ಇಬ್ಬರಲ್ಲಿ ಯಾರಿಗೆ ಹೇಳಿದನೋ.

ಹೊತ್ತು ಇಳಿಯುವ ಮೊದಲೇ ಪುಟ್ಟಮ್ಮಣ್ಣಿಯನ್ನು ಕರೆದೊಯ್ದರು. ಹಣೆಯ ತುಂಬ ವಿಭೂತಿ, ಕೊರಳಿಗೆ ಒಂದು ಚೆಂಡುಹೂವಿನ ಹಾರ, ತಲೆಯ ಮೇಲೆ ಆ ಕಮಾನು. ಸಾವಿನ ಸುದ್ದಿ ಕೇಳಿ ಅಂಗಡಿಗೆ ಹೋಗದೆ ಉಳಿದಿದ್ದ ನಂಜಪ್ಪ ಎಲ್ಲರಂತೆ ಬಂದು ಹೆಗಲು ಕೊಟ್ಟ. ಮೇಲೆ ನೋಡಿದನೋ ಇಲ್ಲವೋ ನನಗೆ ತಿಳಿಯದು. ಶೈಲ ತಮ್ಮ ಮನೆ ಜಗುಲಿಯಲ್ಲಿ ತಾಯಿಯ ಪಕ್ಕ ನಿಂತಿದ್ದಳು. ವಿಮಾನ ಹತ್ತಿರ ಬಂದಾಗ ಅವಳು ಕತ್ತು ಮುಂದೆ ಮಾಡಿ ಕಣ್ಣು ಕಿರಿದಾಗಿಸಿ ನೋಡಿದಳು. ಅರಿಶಿನ ಬಣ್ಣದ ರಾಗಿ ಕಾಳು ಅವಳಿಗೆ ಕಂಡಿರಬೇಕು. ತಾತನ ಹೂವುಗಳಲ್ಲಿ ಅದು ಇರಲಿಲ್ಲವೆಂಬುದೂ ಆಗಲೇ ಹೊಳೆದಿರಬೇಕು. ಅವಳು ತಾಯಿಯ ಸೆರಗು ಜಗ್ಗಿ ಏನೋ ಹೇಳಿದಳು. ತಾಯಿ ಸುಮ್ಮನಿರು ಎಂದು ಕೈಸನ್ನೆ ಮಾಡಿದಳು. ಮೆರವಣಿಗೆ ಮುಂದೆ ಹೋಯಿತು.

ಅಪ್ಪ ಕಾಗದದ ಕಟ್ಟು ಹೊತ್ತು ಬಂದಾಗ ಅತ್ತೆ ಸೊಸೆ ಇಬ್ಬರೂ ತಲೆಗೆ ನೀರು ಹಾಕಿಕೊಂಡು, ಕೂದಲು ಹರಡಿಕೊಂಡು ಜಗುಲಿಯಲ್ಲಿ ಕೂತಿದ್ದರು. ಅವನಿಗೆ ಏನೂ ಅರ್ಥವಾಗಲಿಲ್ಲ. ನಾನೇ ಹೇಳಿದೆ. ಕೇಳಿ, ಬಹಳ ಹೊತ್ತು ಕಟ್ಟಿನ ಹುರಿಯನ್ನು ಬಿಚ್ಚುತ್ತಲೇ ಇದ್ದ. ಆಮೇಲೆ ಅಜ್ಜಿ ಎಂದಿನಂತೆ ಕಾಗದವನ್ನು ಪಾಲು ಮಾಡಿದಳು. ಅವ್ವ ಅದನ್ನು ತಡೆಯಲಿಲ್ಲ. ಪೆಟ್ಟಿಗೆಗಳು ನಾನು ಮದುವೆಯಾಗಿ ಹೋಗುವವರೆಗೂ ಎರಡೇ ಇದ್ದವು. ಬದಲಾದದ್ದು ಇಷ್ಟೇ: ಕತ್ತರಿ ಮತ್ತೆ ಅವ್ವನ ಕೈಗೆ ಬಂತು, ಮತ್ತು ದೊಡ್ಡ ಕೆಲಸ ಇದ್ದಾಗ ಯಾರೂ ಕರೆಯದೆ ಅವಳು ಸೂರಿನಡಿಯೂ ಹೋಗಿ ಕೂರುತ್ತಿದ್ದಳು. ಜಗಳಗಳು ಹಿಂದಿರುಗಿದವು. ಹೆಚ್ಚಾಗಿ ಉಪ್ಪಿನ ಬಗ್ಗೆ.

ಮತ್ತೆ ಡಿಸೆಂಬರ್ ಬಂತು. ಯಾರೂ ಕಾರ್ಡು ಕೇಳಲಿಲ್ಲ. ಅವ್ವನೂ ಎಸಳು ಕತ್ತರಿಸಲು ಕೂರಲಿಲ್ಲ. ಈ ವರ್ಷ ಮಾಡುವುದಿಲ್ಲವಾ ಎಂದು ನಾನೇ ಕೇಳಿದೆ. ಅವಳು ಟ್ರಂಕು ತೆರೆದು ಒಂದಿಷ್ಟು ಚೂರುಗಳನ್ನು ತೆಗೆದು ನನ್ನ ಮುಂದೆ ಹಾಕಿದಳು.

“ನೀನು ಮಾಡು. ನಿನ್ನ ಕೈಗೂ ಬರಬೇಕಲ್ಲ.”

“ಯಾವ ಹೂವು ಅಂತ ಕೇಳಿದ್ರೆ?”

“ಕೇಳಿದ್ರೆ ಹೇಳು. ನಾಲಿಗೆ ಇಲ್ವಾ ನಿನಗೆ?”

ಇಡೀ ಭಾನುವಾರ ಕೂತೆ. ಮೊದಲಿನವು ಎಲೆಕೋಸಿನ ಹಾಗಾದವು. ಅಜ್ಜಿ ನೋಡಿ ನಕ್ಕಳು. ಸಂಜೆಯ ಹೊತ್ತಿಗೆ ಒಂದು ಹೂವು ಹೂವಿನ ಹಾಗೆ ಬಂತು. ನೇರಳೆಯದು. ಅದನ್ನು ಕಾರ್ಡಿಗೆ ಅಂಟಿಸಿ ಮರುದಿನ ಶಾಲೆಗೆ ಒಯ್ದೆ. ಶೈಲ ಆ ವರ್ಷವೆಲ್ಲ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಪ್ರಾರ್ಥನೆ ಮುಗಿದ ಮೇಲೆ ಅವಳ ಮುಂದೆ ಹೋಗಿ ನಿಂತು ಕಾರ್ಡು ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ಕೈ ಹಿಂದೆ ಕಟ್ಟಿಕೊಂಡೇ ಬಗ್ಗಿ ನೋಡಿದಳು.

“ಯಾವ ಹೂವೇ ಇದು?”

“ನಮ್ಮನೆ ಹೂವು ಕಣೇ,” ಎಂದೆ.

ಶೈಲ ಕಾರ್ಡು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು.

“ಅಂಟಿನ ವಾಸ್ನೆ,” ಎಂದಳು.

ಆಮೇಲೆ ಹೂವು ಚಪ್ಪಟೆಯಾಗದ ಹಾಗೆ ಅದನ್ನು ಕಂಪಾಸು ಪೆಟ್ಟಿಗೆಯ ಮೇಲೆ ಮಲಗಿಸಿ, ಚೀಲದ ಗುಂಡಿ ಹಾಕಿಕೊಂಡಳು.